ಇವರೂ ಇದ್ದಾರೆ

ಹೊಸದಾಗಿ ಬಂದ ಬೋಧನಾ ಸಹಾಯಕರನ್ನು ತರಗತಿಗೆ ಪರಿಚಯ ಮಾಡಿಕೊಡುವಾಗ ನಾನು ಅರ್ಧ ಗಂಟೆ ತಿಂದುಹಾಕುತ್ತೇನೆ ಎಂದು ನನ್ನ ಸಹೋದ್ಯೋಗಿಗಳು ಬಹಳ ವರ್ಷ ಗೇಲಿ ಮಾಡಿದರು. ಹೆಣ್ಣಿನ ಮನೆಯವರಿಗೆ ಗಂಡಿನ ಗುಣಗಾನ ಮಾಡುವ ಹಾಗೆ ಮಾಡುತ್ತೀರಲ್ಲ ಎಂದು ಒಬ್ಬರು ಅಂದಿದ್ದರು. ಯಾರು, ಯಾವ ಊರು, ಏನು ಓದಿದ್ದಾರೆ, ಯಾವುದರಲ್ಲಿ ಗಟ್ಟಿಗರು, ಯಾವ ಗುಂಪಿಗೆ ಯಾರು ಹೊಣೆ, ಎಲ್ಲವನ್ನೂ ಬಾಯಲ್ಲಿ ಹೇಳಿ ಕರಿಹಲಗೆಯ ಮೇಲೂ ಬರೆಯುತ್ತಿದ್ದೆ. ಜನ ಇದನ್ನು ನನ್ನ ದೊಡ್ಡ ಗುಣವೆಂದು ತಿಳಿದರು. ನಿವೃತ್ತಿಯ ದಿನ ಭಾಷಣ ಮಾಡಿದವರೊಬ್ಬರು, ಕಿರಿಯರನ್ನು ಗೌರವಿಸುವುದನ್ನು ಇವರಿಂದ ಕಲಿಯಬೇಕು ಎಂದರು. ನಾನು ಹಾರ ಹಾಕಿಸಿಕೊಂಡು ತಲೆ ತಗ್ಗಿಸಿ ಕೂತಿದ್ದೆ. ಅದನ್ನೂ ವಿನಯ ಅಂದುಕೊಂಡಿರಬೇಕು. ಅದು ಗುಣವೂ ಅಲ್ಲ, ವಿನಯವೂ ಅಲ್ಲ. ಅದರ ಹಿಂದೆ ಒಂದು ಸಂಗತಿ ಇದೆ, ಹೇಳಿಕೊಳ್ಳಲು ಹಿತವಾದದ್ದಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೋಲಾರದಲ್ಲಿ ವಿಶ್ವವಿದ್ಯಾಲಯವೊಂದು ನಡೆಸುತ್ತಿದ್ದ ಚಿಕ್ಕ ಗಣಿತ ವಿಭಾಗದಲ್ಲಿ ನಾನು ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆಂದು ಹೆಸರು ಬರೆಸಿಕೊಂಡು ಅಲ್ಲೇ ಉಳಿದಿದ್ದೆ. ಆ ವರ್ಷ ಮೊದಲ ಬಾರಿಗೆ ಕಂಪ್ಯೂಟರ್ ವಿಜ್ಞಾನದ ಪಾಠ ಶುರುವಾಯಿತು. ಪಾಠ ಶುರುವಾಯಿತೇ ಹೊರತು ಕಂಪ್ಯೂಟರ್ ಬರಲಿಲ್ಲ. ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದ ನಲವತ್ತು ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳಲು ವಿಭಾಗದ ಮುಖ್ಯಸ್ಥರು, ಅಭ್ಯಾಸ ಮಾಡಿಸಲು ಇಬ್ಬರು ಸಹಾಯಕರು. ಒಬ್ಬ ನಾನು. ಇನ್ನೊಬ್ಬಳು ಮುಳಬಾಗಿಲಿನವಳು, ನನ್ನ ಜೊತೆಯಲ್ಲೇ ಎಂ.ಎಸ್ಸಿ. ಓದಿದವಳು. ಪರೀಕ್ಷೆಯಲ್ಲಿ ಆಕೆ ಮೊದಲನೆಯವಳು, ನಾನು ಎರಡನೆಯವನು. ಸಹಾಯಕರಾದ ಮೇಲೆ ನಾವು ತಮಾಷೆಗೆಂದು ಒಬ್ಬರನ್ನೊಬ್ಬರು ಸಾರ್, ಮೇಡಂ ಎಂದು ಕರೆಯಲು ಶುರುಮಾಡಿ ಅದೇ ರೂಢಿಯಾಯಿತು.

ವರ್ಷದ ಕೊನೆಗೆ ಒಂದು ಉಪನ್ಯಾಸಕರ ಹುದ್ದೆ ಬರುತ್ತದೆ, ನಿಮ್ಮಿಬ್ಬರಲ್ಲಿ ಒಬ್ಬರ ಹೆಸರು ಕಳಿಸುತ್ತೇನೆ ಎಂದು ಮುಖ್ಯಸ್ಥರು ನಮ್ಮನ್ನು ಕೋಣೆಗೆ ಕರೆದು ಮುಂಚೆಯೇ ಹೇಳಿಬಿಟ್ಟಿದ್ದರು. ನನಗೆ ಆ ಹುದ್ದೆ ಬೇಕಾಗಿತ್ತು, ನಿಜ. ಸಿಗದಿದ್ದರೂ ನನ್ನ ಬದುಕೇನೂ ನಿಂತುಹೋಗುತ್ತಿರಲಿಲ್ಲ. ಲಕ್ಕೂರಿನ ಕಡೆ ನಮ್ಮದು ರಾಗಿ, ತರಕಾರಿ ಬೆಳೆಯುವ ಮನೆ. ದುಡಿಯಲು ಅಣ್ಣಂದಿರಿದ್ದರು. ಯಾವುದಾದರೊಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಮೀಸೆ ತಿರುವಿಕೊಂಡು ಓಡಾಡಬಹುದಿತ್ತು.

ಆಕೆಯದು ಹಾಗಲ್ಲ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ, ಬೆರಳಿನಿಂದ ಎಳೆ ಹುಡುಕಿ, ಚರಕಕ್ಕೆ ಹತ್ತಿಸುವ ಕೆಲಸ. ಚಿಕ್ಕಂದಿನಿಂದ ಬೆಳಿಗ್ಗೆ ಎದ್ದು ಆ ನೀರಿಗೆ ಕೈ ಹಾಕಿ ಆಮೇಲೆ ಶಾಲೆಗೆ ಹೋದವಳು. ಬೆರಳ ತುದಿಗಳ ಚರ್ಮ ಬೆಂದು ಬಿಳಿಚಿಕೊಂಡು ದಪ್ಪವಾಗಿತ್ತು. ಪೆನ್ನು ಜಾರುತ್ತದೆಂದು ಅದಕ್ಕೆ ದಾರ ಸುತ್ತಿಕೊಂಡಿರುತ್ತಿದ್ದಳು. ಆಕೆಯ ತಂದೆ ಕೆಟ್ಟವರೇನಲ್ಲ. ಊರಿನವರ ಮಾತು ಕೇಳಿಸಿಕೊಳ್ಳದೆ ಮಗಳನ್ನು ಇಷ್ಟು ಓದಿಸಿದ್ದರು. ಈ ಒಂದು ವರ್ಷ ನೋಡು, ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಮನೆಗೆ ಬಾ, ನನಗೆ ಕಣ್ಣು ಮಂದವಾಗಿದೆ, ಚರಕದ ಮುಂದೆ ಕೂರುವವರಿಲ್ಲ ಎಂದಿದ್ದರಂತೆ. ಒಂದು ದಿನ ಊಟದ ಹೊತ್ತಿನಲ್ಲಿ ಆಕೆ ಇದನ್ನು ನನಗೆ ಹೇಳಿದಳು. ಆಮೇಲೆ ಡಬ್ಬಿ ಮುಚ್ಚುತ್ತಾ, "ಇಲ್ಲಿ ಆಗ್ಲಿಲ್ಲ ಅಂದ್ರೆ ಮತ್ತೆ ಬಿಸಿನೀರೇ ಸಾರ್ ನನಗೆ. ಆ ಹುಳದ ವಾಸನೆ ಬಿಟ್ಟು ಬಂದು ಎಷ್ಟು ವರ್ಷ ಆಯ್ತು, ಈಗ್ಲೂ ಮೂಗಲ್ಲೇ ಐತೆ" ಎಂದಳು.

ತರಗತಿಯ ಮೊದಲ ದಿನ ಮುಖ್ಯಸ್ಥರು ನಮ್ಮಿಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದರು. ನನ್ನ ಹೆಗಲ ಮೇಲೆ ಕೈಯಿಟ್ಟು, ಇವರು ನಮ್ಮಲ್ಲೇ ಓದಿ ರ್‍ಯಾಂಕು ಬಂದವರು, ರೈತರ ಮನೆಯಿಂದ ಬಂದವರು, ಫೋರ್ಟ್ರಾನ್ ಇವರಿಗೆ ನೀರು ಕುಡಿದಷ್ಟು ಸಲೀಸು, ನಿಮ್ಮ ಪ್ರೋಗ್ರಾಮುಗಳನ್ನು ಬೆಂಗಳೂರಿಗೆ ಒಯ್ದು ಓಡಿಸಿಕೊಂಡು ಬರುವವರೂ ಇವರೇ, ಏನೇ ಸಂಶಯ ಬಂದರೂ ಇವರನ್ನು ಕೇಳಿ ಎಂದರು. ಫೋರ್ಟ್ರಾನ್ ಎಂದರೆ ಆಗ ಕಂಪ್ಯೂಟರಿಗೆ ಲೆಕ್ಕ ಹೇಳುತ್ತಿದ್ದ ಭಾಷೆ. ನಾನು ಅದನ್ನು ಕಲಿತು ಮೂರು ತಿಂಗಳಾಗಿತ್ತು, ಕಲಿಸಿದವಳು ಪಕ್ಕದಲ್ಲೇ ನಿಂತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಖ್ಯಸ್ಥರು ಕೈಗಡಿಯಾರ ನೋಡಿಕೊಂಡರು. ಆಕೆಯ ಕಡೆ ಕೈ ತೋರಿಸಿ, "ಇವರೂ ಇದ್ದಾರೆ" ಎಂದು ಹೊರಟುಹೋದರು.

ಕನ್ನಡದಲ್ಲಿ ಒಂದು ದೀರ್ಘ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನನಗೆ ಯಾವ ವ್ಯಾಕರಣದ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ‘ಇವರು’ ಎಂದು ಶುರುಮಾಡಿದ್ದರೆ ಮುಂದೆ ಏನಾದರೂ ಹೇಳಲೇಬೇಕಾಗುತ್ತಿತ್ತು. ‘ಇವರೂ’ ಎಂದದ್ದರಿಂದ ಹೇಳುವುದೆಲ್ಲ ಅಲ್ಲಿಗೇ ಮುಗಿಯಿತು. ಮುಖ್ಯಸ್ಥರಿಗೆ ಆಕೆಯ ಮೇಲೆ ಏನೂ ಕೋಪವಿರಲಿಲ್ಲ, ಗಂಟೆ ಹೊಡೆದಿತ್ತು ಅಷ್ಟೇ. ಅವರು ಹೋದ ಮೇಲೆ ನಾನಾದರೂ, ನಮ್ಮ ತರಗತಿಗೆ ಇವರೇ ಮೊದಲು ಬಂದದ್ದು ಎಂದು ಒಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ. ನನ್ನ ಬಗ್ಗೆ ಅಷ್ಟೆಲ್ಲ ಹೇಳಿಸಿಕೊಂಡ ಖುಷಿಯಲ್ಲಿ ನನಗೆ ಬೇರೇನೂ ಕಾಣುತ್ತಿರಲಿಲ್ಲ.

ನಲವತ್ತು ಜನರನ್ನು ನಾವೇ ಎರಡು ಗುಂಪು ಮಾಡಿಕೊಂಡೆವು. ಇಪ್ಪತ್ತು ನನಗೆ, ಇಪ್ಪತ್ತು ಆಕೆಗೆ. ಮುಖ್ಯಸ್ಥರು ಅದನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೆಲುಗು ಮನೆಮಾತಿನವರು. ಆಕೆ ಅವರಿಗೆ ತೆಲುಗಿನಲ್ಲಿ ಹೇಳಿ, ಕನ್ನಡದವರಿಗೆ ಕನ್ನಡದಲ್ಲಿ ಹೇಳಿ, ಒಬ್ಬಿಬ್ಬರಿಗೆ ತನ್ನ ಮನೆಯ ದಖನಿ ಉರ್ದುವಿನಲ್ಲಿ ಹೇಳಿ ಅರ್ಥ ಮಾಡಿಸುವಳು. ಆದರೂ ಮೊದಲ ದಿನ ಬಿದ್ದ ಮಾತು ಬಿದ್ದಂತೆಯೇ ಇತ್ತು. ನಾನು ಅವರಿಗೆ ಸಾರ್. ಆಕೆ ಎದುರಿಗೆ ಮೇಡಂ, ಹಿಂದೆ ‘ಆಯಮ್ಮ’. ಆಯಮ್ಮ ಹೇಳಿದ್ದು ಸರೀನಾ ಸಾರ್ ಎಂದು ಆಕೆಯ ಗುಂಪಿನ ಹುಡುಗರೇ ಬಂದು ನನ್ನನ್ನು ಕೇಳುತ್ತಿದ್ದರು. ನನಗೆ ಗೊತ್ತಿಲ್ಲದಿದ್ದರೆ ನಾಳೆ ಬನ್ನಿ ಎಂದು ಕಳಿಸಿ, ಊಟದ ಹೊತ್ತಿನಲ್ಲಿ ಅದನ್ನೇ ಆಕೆಯ ಹತ್ತಿರ ಕೇಳಿ ತಿಳಿದುಕೊಂಡು, ಮಾರನೆಯ ದಿನ ಗಂಭೀರವಾಗಿ ಹೇಳುತ್ತಿದ್ದೆ. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವುದು ಹೇಗೆ ಎನ್ನುವುದಕ್ಕೆ ಆಕೆ ನೂಲಿನ ಉದಾಹರಣೆ ಕೊಟ್ಟಿದ್ದಳು: ಒಂದು ಗೂಡು ಮುಗಿದರೆ ಇನ್ನೊಂದರ ಎಳೆ ಸೇರಿಸು, ಸುತ್ತು ತುಂಬುವವರೆಗೆ ಸೇರಿಸುತ್ತಲೇ ಇರು. ನಾನು ಅದನ್ನು ಎತ್ತಿಕೊಂಡು ನನ್ನ ಗುಂಪಿಗೆ ಹೇಳಿದೆ. ಹುಡುಗರು ತಲೆದೂಗಿದರು. ಯಾರ ಉದಾಹರಣೆ ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ವಿದ್ಯಾರ್ಥಿಗಳು ಚೌಕ ಚೌಕದ ಹಾಳೆಯಲ್ಲಿ, ಒಂದು ಮನೆಗೆ ಒಂದು ಅಕ್ಷರದಂತೆ, ಪ್ರೋಗ್ರಾಮು ಬರೆಯಬೇಕು. ಶುಕ್ರವಾರ ಸಂಜೆ ನಾನು ಆ ಕಟ್ಟು ಹಿಡಿದು ಬಸ್ಸಿನಲ್ಲಿ ಮಾಲೂರಿಗೆ ಹೋಗಿ ಸೋದರಮಾವನ ಮನೆಯಲ್ಲಿ ಉಳಿಯುತ್ತಿದ್ದೆ. ಶನಿವಾರ ಬೆಳಿಗ್ಗೆ, ಕೆಲಸಕ್ಕೆ ಹೋಗುವವರ ಮತ್ತು ತರಕಾರಿ ಬುಟ್ಟಿಗಳ ನಡುವೆ ನಿಂತುಕೊಂಡು ರೈಲಿನಲ್ಲಿ ಬೆಂಗಳೂರಿಗೆ. ಅಲ್ಲಿಯ ಒಂದು ಗಣಕ ಕೇಂದ್ರದವರು ದೊಡ್ಡ ಮನಸ್ಸು ಮಾಡಿ ವಾರಕ್ಕೊಮ್ಮೆ ನಮಗೆ ಮೆಷಿನ್ ಬಿಟ್ಟುಕೊಟ್ಟಿದ್ದರು. ಸಾಲಾಗಿ ಕೂತ ಹೆಣ್ಣುಮಕ್ಕಳು ನಮ್ಮ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವರು. ಮೆಷಿನ್ ಆ ಕಾರ್ಡು ಓದಿ ಉತ್ತರ ಅಚ್ಚು ಹಾಕುವುದು. ಒಂದು ಗುರುತು ತಪ್ಪಿದರೂ ಉತ್ತರದ ಬದಲು ತಪ್ಪುಗಳ ಪಟ್ಟಿ ಬರುವುದು.

ಎಲ್ಲಕ್ಕಿಂತ ದೊಡ್ಡ ತಲೆನೋವು ಸೊನ್ನೆ. ಇಂಗ್ಲಿಷಿನ ‘ಓ’ ಅಕ್ಷರವೂ ದುಂಡಗೆ, ಸೊನ್ನೆಯೂ ದುಂಡಗೆ. ನೂರನೆಯ ಸಾಲಿಗೆ ಹೋಗು ಎಂದು ಮೆಷಿನ್ನಿಗೆ ಹೇಳಲು ‘ಗೋ ಟು 100’ ಎಂದು ಇಂಗ್ಲಿಷಿನಲ್ಲಿ ಬರೆದರೆ ಅದರಲ್ಲಿ ನಾಲ್ಕು ದುಂಡಗಿನ ಗುರುತು, ಎರಡು ಅಕ್ಷರ, ಎರಡು ಸೊನ್ನೆ. ತೂತು ಹೊಡೆಯುವವರಿಗೆ ವ್ಯತ್ಯಾಸ ತಿಳಿಯಲೆಂದು ಒಂದಕ್ಕೆ ಅಡ್ಡಗೆರೆ ಹೊಡೆಯಬೇಕು. ಸೊನ್ನೆಗೆ ಹೊಡೆಯಿರಿ ಎಂದು ಪುಸ್ತಕದಲ್ಲಿತ್ತು. ನಾನು ಮೊದಲ ವಾರವೇ ಕರಿಹಲಗೆಯ ಮೇಲೆ ಇಷ್ಟು ದಪ್ಪ ಸೊನ್ನೆ ಬರೆದು ಗೆರೆ ಎಳೆದು, ಯಾರು ಸೊನ್ನೆಗೆ ಗೆರೆ ಹೊಡೆಯುವುದಿಲ್ಲವೋ ಅವರ ಅಂಕಕ್ಕೆ ನಾನು ಗೆರೆ ಹೊಡೆಯುತ್ತೇನೆ ಎಂದೆ. ಹುಡುಗರು ನಕ್ಕರು. ಶ್ರೀನಿವಾಸಪುರದವರು ಅದಕ್ಕೆ ‘ಗೀತ ಸುನ್ನ’, ಗೆರೆಯ ಸೊನ್ನೆ, ಎಂದು ತೆಲುಗಿನಲ್ಲಿ ಹೆಸರಿಟ್ಟು ನನ್ನನ್ನೂ ಬೆನ್ನಹಿಂದೆ ಹಾಗೆಯೇ ಕರೆಯತೊಡಗಿದರು. ಆ ಅಡ್ಡಹೆಸರು ನನಗೆ ಇಷ್ಟವಾಗಿತ್ತು ಎಂಬುದನ್ನೂ ಹೇಳಬೇಕು.

ಒಂದು ಶನಿವಾರ ನನಗೆ ಜ್ವರ ಬಂದು ಆಕೆ ಬೆಂಗಳೂರಿಗೆ ಹೋದಳು. ನಾನು ಅಲ್ಲಿ ಕಟ್ಟು ಕೊಟ್ಟು ಕ್ಯಾಂಟೀನಿನಲ್ಲಿ ಕೂರುತ್ತಿದ್ದವನು. ಆಕೆ ತೂತು ಹೊಡೆಯುವವರ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿ ತಿಳಿದುಕೊಂಡು ಬಂದಿದ್ದಳು. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಅಲ್ಲಿ ಗೆರೆ ಹೊಡೆಯೋದು ಸೊನ್ನೆಗಲ್ಲ, ಅಕ್ಷರಕ್ಕೆ. ನಮ್ಮದು ಉಲ್ಟಾ ಆಗೈತೆ. ಅಲ್ಲಿ ಒಬ್ರು ಹಳಬರು ಅರ್ಥ ನೋಡ್ಕೊಂಡು ಸರಿ ಮಾಡಿ ಹೊಡೀತಾ ಇದ್ರಂತೆ. ಅವರು ಬೇರೆ ಕಡೆ ಹೋಗ್ತಾರೆ, ಹೊಸಬರು ಕಂಡಿದ್ದು ಕಂಡಂಗೆ ಹೊಡೀತಾರೆ. ನಾನು ನಮ್ಮ ಹುಡುಗ್ರಿಗೆ ಇವತ್ತೇ ಹೇಳ್ತೀನಿ, ನೀವೂ ಹೇಳ್ಬಿಡಿ."

ಆಗಲಿ ಎಂದೆ. ಹೇಳಲಿಲ್ಲ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಮರೆತಿರಲಿಲ್ಲ. ತರಗತಿಯ ಬಾಗಿಲಿಗೆ ಹೋದಾಗಲೆಲ್ಲ ನೆನಪಾಗುತ್ತಿತ್ತು. ಅಷ್ಟು ಜೋರಾಗಿ ಹೇಳಿದ್ದನ್ನು ತಿರುಗಿಸಿ ಹೇಳಬೇಕು, ಆಯಮ್ಮ ಹೇಳಿದ ಮೇಲೆ ಸಾರ್ ತಿದ್ದಿಕೊಂಡರು ಎಂದು ಹುಡುಗರು ಆಡಿಕೊಳ್ಳುತ್ತಾರೆ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರವೂ ಉತ್ತರಗಳು ಸರಿಯಾಗಿಯೇ ಬಂದವು, ಆ ಹಳಬರು ಇನ್ನೂ ಹೋಗಿರಲಿಲ್ಲ. ಆಮೇಲೆ ಸುಮ್ಮನಾದೆ.

ವರ್ಷದ ಕೊನೆಯ ಪ್ರೋಗ್ರಾಮಿಗೆ ಅಂಕಗಳಿದ್ದವು. ಒಬ್ಬೊಬ್ಬರಿಗೆ ಒಂದೇ ಅವಕಾಶ. ಆ ಶನಿವಾರ ನಾನು ಎಂದಿನಂತೆ ಕ್ಯಾಂಟೀನಿನಲ್ಲಿ ಕಾದು, ಸಂಜೆ ಉತ್ತರದ ಕಟ್ಟು ಇಸಿದುಕೊಂಡು ರೈಲು ಹತ್ತಿ ಬಿಚ್ಚಿ ನೋಡಿದೆ. ಆಕೆಯ ಗುಂಪಿನ ಇಪ್ಪತ್ತೂ ಚೆನ್ನಾಗಿದ್ದವು. ನನ್ನ ಗುಂಪಿನ ಇಪ್ಪತ್ತರಲ್ಲೂ ತಪ್ಪುಗಳ ಪಟ್ಟಿ, ಪುಟದ ಮೇಲೆ ಪುಟ. ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆ ಕಾಣುವವರೆಗೂ ಮತ್ತೆ ಮತ್ತೆ ತಿರುವಿಹಾಕಿದೆ. ಆ ಹಳಬರು ಹೋಗಿಬಿಟ್ಟಿದ್ದರು.

ಸೋಮವಾರ ಆಕೆ ಒಂದು ಹಾಳೆ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡಳು. ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಹುಡುಗರದೇನು ತಪ್ಪು, ಇನ್ನೊಂದು ಸಲ ಓಡಿಸಲು ಬೇಡಿಕೊಳ್ಳೋಣ ಎಂದಳು. ಮುಖ್ಯಸ್ಥರು ಆ ವಾರ ಊರಿನಲ್ಲಿರಲಿಲ್ಲ. ನಾನು ಮಂಗಳವಾರ ಸಂಜೆಯೇ ಮಾವನ ಮನೆಗೆ ಬಂದಿದ್ದೆ; ಬುಧವಾರ ಬೆಳಿಗ್ಗೆ ಆಕೆ ಕೋಲಾರದಿಂದ ಮೊದಲ ಬಸ್ಸಿಗೆ ಮಾಲೂರಿಗೆ ಬಂದಳು, ಇಬ್ಬರೂ ರೈಲು ಹತ್ತಿದೆವು. ಯಾರೋ ಪುಣ್ಯಾತ್ಮರು ಜಾಗ ಬಿಟ್ಟುಕೊಟ್ಟರು. ಆಕೆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ದಾರ ಸುತ್ತಿದ ಪೆನ್ನಿನಿಂದ ಒಂದೊಂದು ಸೊನ್ನೆಯನ್ನೂ ಒಂದೊಂದು ಅಕ್ಷರವನ್ನೂ ತಿದ್ದುತ್ತಾ, ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕುತ್ತಾ ಹೋದಳು. ನಾನು ಹಾಳೆ ಕೊಡುವುದು, ತಿದ್ದಿದ್ದನ್ನು ತೆಗೆದುಕೊಳ್ಳುವುದು. ಇಷ್ಟೊಂದು ಸಹಿ ಯಾಕೆ ಎಂದು ಕೇಳಿದೆ. ಸಹಿ ಇಲ್ಲದಿದ್ದರೆ ಹುಡುಗರೇ ಆಮೇಲೆ ತಿದ್ದಿಕೊಂಡರು ಎನ್ನುತ್ತಾರೆ ಎಂದಳು. ಅರ್ಧವನ್ನು ನಾನು ತಿದ್ದುತ್ತೇನೆ ಎಂದು ಹೇಳಬೇಕಾಗಿತ್ತು. ನಿಮ್ಮ ಕೈ ಬೇಗ ಓಡುತ್ತದೆ ಎಂದು ಹೊಗಳಿದೆ.

ಕೇಂದ್ರದಲ್ಲಿ ಆಕೆಯೇ ಮಾತಾಡಿ ಒಪ್ಪಿಸಿದಳು. ಇಪ್ಪತ್ತು ಪ್ರೋಗ್ರಾಮೂ ಓಡಿದವು. ನನ್ನ ಹುಡುಗರಿಗೆ ಏನಾಗಿತ್ತೆಂದೇ ಗೊತ್ತಾಗಲಿಲ್ಲ. ನಾನು ಬದುಕಿದೆ ಅಂದುಕೊಂಡೆ.

ಎರಡು ವಾರದ ಮೇಲೆ ಕೇಂದ್ರದಿಂದ ಮುಖ್ಯಸ್ಥರಿಗೆ ಕಾಗದ ಬಂತು. ನಿಮ್ಮ ಹಾಳೆಗಳಲ್ಲಿ ಗುರುತುಗಳು ತಿರುವುಮುರುವಾಗಿದ್ದವು, ನಿಮ್ಮ ಸಹಾಯಕರ ಕೋರಿಕೆಯ ಮೇಲೆ ಎರಡನೇ ಸಲ ಓಡಿಸಿಕೊಟ್ಟಿದ್ದೇವೆ, ಇನ್ನು ಹೀಗಾದರೆ ಮೆಷಿನ್ ಕೊಡುವುದು ಕಷ್ಟ ಎಂದು ಅದರಲ್ಲಿತ್ತು. ಮುಖ್ಯಸ್ಥರು ಹಾಳೆಗಳನ್ನು ತರಿಸಿ ನಮ್ಮಿಬ್ಬರನ್ನೂ ಕರೆದರು. ಇಪ್ಪತ್ತು ಹಾಳೆಯ ತುಂಬ ಆಕೆಯದೇ ಅಕ್ಷರ, ಆಕೆಯದೇ ಸಹಿ. ನನ್ನ ಕೈಬರಹ ಒಂದು ಚುಕ್ಕೆಯಷ್ಟೂ ಇಲ್ಲ.

ಇದು ನಿಮ್ಮ ಸಹಿಯೇನಮ್ಮಾ ಎಂದು ಕೇಳಿದರು. ಹೌದು ಎಂದಳು. ಅವರು ಬೇಸರದಿಂದ ಕನ್ನಡಕ ತೆಗೆದಿಟ್ಟರು. ಅಭ್ಯಾಸ ಇವರು ಮಾಡಿಸುತ್ತಾರೆ, ಹಾಳೆ ತಿದ್ದುವುದೊಂದೇ ನಿಮ್ಮ ಕೆಲಸ, ಅದನ್ನೂ ಸರಿಯಾಗಿ ಮಾಡಲಾಗದೆ ಕೊನೆಗೆ ತೇಪೆ ಹಾಕಿದ್ದೀರಿ ಎಂದರು. ಅವರ ಮನಸ್ಸಿನಲ್ಲಿ ಆಕೆಗೆಂದು ಒಂದು ಗುಂಪು, ಒಂದು ಪಾಠ ಇತ್ತೆಂಬುದೇ ಇರಲಿಲ್ಲ. ಆಕೆ ನನ್ನ ಕಡೆ ನೋಡಲಿಲ್ಲ. ನೇರವಾಗಿ ಹೇಳಿದಳು: "ಸಾರ್, ಈ ಹಾಳೆಗಳು ನನ್ನ ಬ್ಯಾಚಿನವಲ್ಲ."

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಏನಪ್ಪಾ? ಯಾರ ಬ್ಯಾಚು ಇದು?"

ಹುದ್ದೆಗೆ ಹೆಸರು ಕಳಿಸುವ ಪತ್ರ ಅವರ ಮೇಜಿನ ಮೇಲೆಯೇ ಇತ್ತು, ಹೆಸರಿನ ಜಾಗ ಖಾಲಿ. ನನ್ನದು ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹಾಳೆಗಳನ್ನ ನಾವಿಬ್ರೂ ನೋಡ್ತಿದ್ವಿ ಸಾರ್" ಎಂದೆ.

ಸುಳ್ಳು ಎಂದು ಯಾರೂ ಹಿಡಿಯಲಾಗದ ಮಾತು. ಮುಖ್ಯಸ್ಥರು ಅದನ್ನು ನನ್ನ ದೊಡ್ಡತನ ಎಂದು ತಿಳಿದರು. ಜೊತೆಯವಳನ್ನು ಬಿಟ್ಟುಕೊಡದೆ ತಪ್ಪನ್ನು ಹಂಚಿಕೊಳ್ಳುತ್ತಿದ್ದಾನೆ ಎಂದು. ಅವರ ಮುಖ ಸಡಿಲವಾದದ್ದು ನನಗೆ ಕಂಡಿತು. ಆಕೆ ಹಾಳೆಗಳನ್ನು ಜೋಡಿಸಿಟ್ಟು ಹೊರಗೆ ಹೋದಳು. ಆ ವಾರವೇ ನನ್ನ ಹೆಸರು ಹೋಯಿತು.

ಆಕೆ ಹಾಸ್ಟೆಲು ಬಿಟ್ಟು ಹೊರಟ ದಿನ ನಾನು ಕೋಲಾರದ ಬಸ್‌ಸ್ಟ್ಯಾಂಡಿಗೆ ಹೋದೆ. ಹೋಗಬಾರದೆಂದು ಬೆಳಿಗ್ಗೆಯಿಂದ ಅಂದುಕೊಳ್ಳುತ್ತಿದ್ದವನು ಹೇಗೋ ಹೋದೆ. ಆಕೆ ಮುಳಬಾಗಿಲಿನ ಬಸ್ಸು ನಿಲ್ಲುವ ಕಡೆ ಟ್ರಂಕಿನ ಮೇಲೆ ಕೂತಿದ್ದಳು. ಆಕೆಯ ತಂದೆ ಟಿಕೆಟ್ಟು ವಿಚಾರಿಸಲು ಹೋಗಿದ್ದರು. ನಾನು ತಡವರಿಸುತ್ತಾ, ನಾಳೆ ಮುಖ್ಯಸ್ಥರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಡುತ್ತೇನೆ, ಇನ್ನೂ ಆದೇಶ ಬಂದಿಲ್ಲ ಎಂದೆ. ಹೇಳುವಾಗ ನಿಜವಾಗಿಯೂ ಹೇಳುತ್ತೇನೆಂದೇ ನನಗೆ ಅನ್ನಿಸಿತ್ತು.

ಆಕೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಹೇಳಿದಳು.

"ಈಗ ಹೇಳಿದ್ರೆ ನಾನೇ ಹೇಳ್ಕೊಟ್ಟೆ ಅಂತಾರೆ ಸಾರ್. ಹೇಳೋದಿದ್ರೆ ಅವತ್ತೇ ಹೇಳ್ಬೇಕಿತ್ತು. ಬಿಡಿ."

ಆ ಮಾತು ಕೇಳಿ ನನಗೆ ದುಃಖವಾಗಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಅವೆರಡೂ ಆಮೇಲೆ ಬಂದವು, ಬಂದವು ಹೋಗಲಿಲ್ಲ. ಆ ಗಳಿಗೆಯಲ್ಲಿ ಆದದ್ದು ಸಮಾಧಾನ. ಇನ್ನು ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಸಮಾಧಾನ.

ಬಸ್ಸು ಬಂತು. ಆಕೆಯ ತಂದೆ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಮಗಳ ಜೊತೆ ಕೆಲಸ ಮಾಡಿದವರು ಎಂದು ನನಗೆ ಸಲಾಂ ಹೇಳಿ, ಮುಳಬಾಗಿಲಿನ ಕಡೆ ಬಂದರೆ ಮನೆಗೆ ಬರಬೇಕು ಎಂದರು. ಬರುತ್ತೇನೆ ಎಂದೆ. ಬಸ್ಸು ತಿರುವು ದಾಟಿ ಹೋದ ಮೇಲೆ ಪಕ್ಕದ ಅಂಗಡಿಯಲ್ಲಿ ಟೀ ಹೇಳಿದೆ. ತುಂಬಾ ಹಸಿದಿದ್ದೇನೆಂದು ಆಗ ಗೊತ್ತಾಯಿತು. ಎರಡು ಬನ್ನು ತಿಂದೆ.